ತಂಗಿಯ ಬಿಗಿದ ಮುಷ್ಟಿ

ಮಾನ್ವಿಯಿಂದ ಆರನೇ ತರಗತಿಯ ಹುಡುಗನೊಬ್ಬ ನನಗೆ ಕಾಗದ ಬರೆದಿದ್ದಾನೆ. ತಂಗಿಗೆ ನಾಲ್ಕು ವರ್ಷ. ಡಾಕ್ಟರ ಚೀಟಿಯಲ್ಲಿ ಸೆರೆಬ್ರಲ್ ಪಾಲ್ಸಿ ಎಂದಿದೆಯಂತೆ. ಬಲಗೈ ಸದಾ ಮಡಚಿ, ಮುಷ್ಟಿ ಬಿಗಿದಿರುತ್ತದೆ. ಅಜ್ಜಿ ಎಣ್ಣೆ ತಿಕ್ಕಿ ಜಗ್ಗುತ್ತಾಳೆ, ತಂಗಿ ಅಳುತ್ತಾಳೆ. "ಅವಳು ಹಟ ಮಾಡುತ್ತಾಳೆಯೇ?" ಎಂದು ಕೇಳಿದ್ದಾನೆ.

ಇಲ್ಲಪ್ಪಾ, ಹಟವಲ್ಲ. ಹುಟ್ಟುವ ಮುಂಚೆಯೋ, ಹುಟ್ಟುವಾಗಲೋ, ಎಳೆತನದಲ್ಲೋ ಮಿದುಳಿಗೆ ಪೆಟ್ಟಾಗಿರುತ್ತದೆ. 'ಸಡಿಲ ಬಿಡು' ಎಂಬ ಅಪ್ಪಣೆ ಸ್ನಾಯುವಿಗೆ ಸರಿಯಾಗಿ ಮುಟ್ಟುವುದಿಲ್ಲ. ಇದು ಅಂಟುರೋಗವಲ್ಲ, ಯಾರ ಪಾಪದ ಫಲವೂ ಅಲ್ಲ. ಅಜ್ಜಿಯವರೇ, ನೀವೂ ಓದುತ್ತಿದ್ದರೆ ಕೇಳಿ: ಗಬಕ್ಕನೆ ಎಳೆದಷ್ಟೂ ಅಂಥ ಸ್ನಾಯು ಇನ್ನೂ ಬಿಗಿಯುತ್ತದೆ. ಎಣ್ಣೆ ಬೇಡ ಎನ್ನುವುದಿಲ್ಲ. ಆದರೆ ಕೈ ಬಿಡಿಸುವುದು ಹತ್ತಿ ಬಿಡಿಸುವಷ್ಟು ಹಗುರಾಗಿ, ನಿಧಾನವಾಗಿ ಇರಲಿ.

ಕೈ ಸಡಿಲಿಸಲು ಒಂದು ಸೂಜಿಮದ್ದಿದೆ, ಬೊಟುಲಿನಮ್ ಟಾಕ್ಸಿನ್. ಮೂಲದಲ್ಲಿ ಅದು ವಿಷ! 1820ರ ಸುಮಾರಿಗೆ ಜರ್ಮನಿಯ ವೈದ್ಯ ಯುಸ್ಟಿನುಸ್ ಕೆರ್ನರ್ ಕೆಟ್ಟ ಮಾಂಸದ ಸಾಸೇಜಿನಲ್ಲಿ ಅದರ ಗುಣ ಹುಡುಕಿದ. ತಾನೇ ಚೂರು ತಿಂದೂ ನೋಡಿದ. (ನೀವು ಅಂಥ ಸಾಹಸ ಮಾಡಬೇಡಿ.) ಅತ್ಯಲ್ಪ ಪ್ರಮಾಣದಲ್ಲಿ ಸ್ನಾಯುವಿಗೆ ಚುಚ್ಚಿದರೆ, ನರ ಕಳಿಸುವ 'ಬಿಗಿ' ಎಂಬ ಸಂದೇಶ ತಡೆಯುತ್ತದೆ. ಎಲ್ಲ ಮಕ್ಕಳಿಗೂ ಅದು ಹೊಂದುವುದಿಲ್ಲ. ಪರೀಕ್ಷಿಸಿದ ವೈದ್ಯರೇ ತೀರ್ಮಾನಿಸಬೇಕು.

ಹಿಂದೊಮ್ಮೆ ರಾಯಚೂರು ಬಸ್ಸಿನಲ್ಲಿ ದೇವದುರ್ಗದ ಅಜ್ಜ ಒಬ್ಬರು ಸಿಕ್ಕಿದ್ದರು. ಮೊಮ್ಮಗನಿಗೆ ಸೂಜಿ ಹಾಕಿಸಿದರು, ಕೈ ಸಡಿಲಾಯಿತು. ಅಷ್ಟರಲ್ಲಿ ಹತ್ತಿ ಬಿಡಿಸುವ ಸುಗ್ಗಿ ಬಂತು. ಒಂದು ದಿನ ಊರು ಬಿಟ್ಟರೆ ಒಂದು ದಿನದ ಕೂಲಿ ಹೋಯಿತು. ವ್ಯಾಯಾಮ ನಿಂತಿತು. ನಾಲ್ಕನೇ ತಿಂಗಳಿಗೆ ಕೈ ಮತ್ತೆ ಮಡಚಿತು. "ಸೂಜಿ ಸುಳ್ಳು" ಎಂದರು ಅಜ್ಜ. ಸುಳ್ಳಲ್ಲ, ಅದರ ಬಲವೇ ಸುಮಾರು ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಕೈಗೆ ಕೆಲಸ ಕಲಿಸಬೇಕು. ಇದನ್ನು ಆ ಅಜ್ಜನಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ, ನನಗೆ ಬೇಸರವಾದದ್ದು ಅದಕ್ಕೆ.

ಅಂಗನವಾಡಿಗೆ, ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರಿಗೆ ತಂಗಿಯನ್ನು ತೋರಿಸಿರಿ. 2013ರಿಂದ ಇದೆ, ಹದಿನೆಂಟು ವರ್ಷದವರೆಗಿನ ಮಕ್ಕಳಿಗಾಗಿ. ರಾಯಚೂರಿನ ರಿಮ್ಸ್‌ಗೆ ಹೋಗುವುದಾದರೆ, ಮನೆಯಲ್ಲಿ ಮಾಡುವ ವ್ಯಾಯಾಮವನ್ನು ಕೇಳಿ, ನೋಡಿ, ಅಲ್ಲೇ ಒಮ್ಮೆ ಮಾಡಿ ತೋರಿಸಿ ಬನ್ನಿ. ಅಜ್ಜಿಯೂ ಜೊತೆಗಿರಲಿ.

ನಿನಗೂ ಒಂದು ಕೆಲಸವಿದೆ. ತಂಗಿ ಎಡಗೈಯಿಂದ ರೊಟ್ಟಿ ಮುರಿಯುವಾಗ ಅದರ ಒಂದು ತುದಿಯನ್ನು ಬಲಗೈಗೆ ಹಿಡಿಸು. ಬಿದ್ದರೆ ಬೀಳಲಿ, ನಗಬೇಡ. ಏನಾಯಿತೆಂದು ನನಗೆ ಇನ್ನೊಂದು ಕಾಗದ ಬರೆ.