ಕೊಯ್ದ ಗದ್ದೆಯ ಪಟ ಓದಲು ನಾವೂ ಕಲಿಯಬೇಕು

ಏಣಿಲು ಕೊಯ್ಲು ಮುಗಿದು ಹದಿನೈದು ದಿನವಾಗಿತ್ತು. ತಂಗಿಯ ಮಗ ಕೆಮರಾ ಹಿಡಿದುಕೊಂಡು ಗದ್ದೆಗೆ ಇಳಿದ. ‘ಕೊಯ್ದ ಗದ್ದೆಯಲ್ಲಿ ಪಟ ತೆಗೆಯಲಿಕ್ಕೆ ಎಂತ ಉಂಟು ಮಾರಾಯ?’ ಅಂತ ಕೇಳಿದೆ. ‘ಮಾವ, ಇದು ಕಣ್ಣಿಗೆ ಕಾಣದ ಬೆಳಕಿನ ಪಟ’ ಎಂದ.

ಸಂಜೆ ಪಟ ತೋರಿಸಿದ. ಕಪ್ಪು-ಬಿಳುಪು. ಹುಣಿಯ ಮೇಲಿನ ತೆಂಗು, ಬೇಲಿಯ ಗೊಬ್ಬರಗಿಡ ಸುಣ್ಣ ಬಳಿದ ಹಾಗೆ ಬಿಳಿ. ತೋಡಿನ ನೀರು ಶಾಯಿಯಷ್ಟು ಕಪ್ಪು. ಕೂಳೆ ಬೂದಿ ಬಣ್ಣ, ನಡುನಡುವೆ ಬಿಳಿ ಚುಕ್ಕೆ. ಅದು ಕೂಳೆಯಿಂದ ಒಡೆದ ಚಿಗುರು ಮತ್ತು ಕಳೆ. ಕೆಳಗಿನ ಗದ್ದೆಯ ಒಂದು ಮೂಲೆ ಮಾತ್ರ ಗಾಢ ಕಪ್ಪು. ಮರುದಿನ ಹೋಗಿ ಮೆಟ್ಟಿ ನೋಡಿದೆ. ಮೇಲೆ ಒಣಗಿದಂತೆ ಕಂಡರೂ ಅಡಿಯಲ್ಲಿ ಪಸೆ ಇತ್ತು. ಅಲ್ಲಿಗೇ ಉದ್ದು ಬಿತ್ತಿದೆ.

ಇದರಲ್ಲಿ ಮಾಯೆ ಏನಿಲ್ಲ. ಹಸಿರು ಎಲೆ ಕೆಂಪು ಬೆಳಕನ್ನು ನುಂಗಿಕೊಳ್ಳುತ್ತದೆ, ಕೆಂಪಿನಾಚೆಯ ಇನ್‌ಫ್ರಾರೆಡ್ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ನೀರು ಆ ಬೆಳಕನ್ನು ಹೀರಿಬಿಡುತ್ತದೆ. ಅಮೆರಿಕದ ರಾಬರ್ಟ್ ವುಡ್ ಇಂಥ ಪಟಗಳನ್ನು ಪ್ರಕಟಿಸಿದ್ದು 1910ರಲ್ಲಿ. ನಮ್ಮ ದೇಶದಲ್ಲಿ ಇದು ಮೊದಲು ಕೃಷಿಗೆ ಬಂದದ್ದು ತೆಂಗಿನ ಮೂಲಕ. 1970ರ ಹೊತ್ತಿಗೆ ವಿಜ್ಞಾನಿ ಪಿ. ಆರ್. ಪಿಷಾರೋಟಿಯವರ ತಂಡ ಕೇರಳದಲ್ಲಿ ಹೆಲಿಕಾಪ್ಟರಿನಿಂದ ಇನ್‌ಫ್ರಾರೆಡ್ ಫಿಲ್ಮಿನಲ್ಲಿ ತೆಂಗಿನ ತೋಟಗಳ ಪಟ ತೆಗೆದು ಬೇರು ಸೊರಗು ರೋಗದ ಮರಗಳನ್ನು ಗುರುತಿಸಲು ಹೊರಟಿತು. ಆಮೇಲೆ ಇದೇ ಕೆಲಸ ಉಪಗ್ರಹಕ್ಕೆ ಹೋಯಿತು. ಭಾರತದ ಐಆರ್‌ಎಸ್-1ಎ ಹಾರಿದ್ದು 1988ರ ಮಾರ್ಚಿನಲ್ಲಿ.

ಈಗ ವಿಷಯಕ್ಕೆ ಬರುತ್ತೇನೆ. 2016ರಲ್ಲಿ ಫಸಲ್ ಬಿಮಾ ಯೋಜನೆ ಬಂದ ಮೇಲೆ ಬೆಳೆವಿಮೆಯಲ್ಲೂ ಉಪಗ್ರಹದ ಪಟಕ್ಕೆ ಬೆಲೆ ಹೆಚ್ಚುತ್ತಿದೆ. ಪಟ ನಮ್ಮ ಗದ್ದೆಯದ್ದು, ಓದುವವರು ಬೇರೆಯವರು. ನನಗೆ ಇದೇ ಚಿಂತೆ.

ಯುರೋಪಿನ ಸೆಂಟಿನೆಲ್-2 ಉಪಗ್ರಹದ ಪಟದಲ್ಲಿ ಒಂದು ಚುಕ್ಕೆ ಅಂದರೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಹೆಚ್ಚುಕಡಿಮೆ ಒಂದು ಗುಂಟೆ! ಬಯಲುಸೀಮೆಯ ಹತ್ತೆಕರೆ ಹೊಲಕ್ಕೆ ಇದು ಸಾಕು. ನಮ್ಮ ಎರಡು-ಮೂರು ಗುಂಟೆಯ ಗದ್ದೆಯಲ್ಲಿ ಹುಣಿಯ ತೆಂಗು, ಬೇಲಿ, ತೋಡು ಎಲ್ಲ ಒಂದೇ ಚುಕ್ಕೆಯಲ್ಲಿ ಕಲಸಿಹೋಗುತ್ತದೆ. ಇನ್ನು ಏಣಿಲು ಬೆಳೆಯುವುದೇ ಮಳೆಗಾಲದಲ್ಲಿ. ಮೋಡ ಇದ್ದರೆ ಈ ಬೆಳಕಿನ ಪಟ ಸಿಗುವುದಿಲ್ಲ.

ಇನ್ನೊಂದು ಮಾತು. ಪಟ ತೋರಿಸುವುದು ಎಲೆಯನ್ನು, ಅಕ್ಕಿಯನ್ನಲ್ಲ. ಮೂರು ವರ್ಷದ ಹಿಂದೆ ಹೂ ಬಿಡುವ ಹೊತ್ತಿಗೆ ಮಳೆ ಹಿಡಿದು ನಮ್ಮ ತೆನೆಯಲ್ಲಿ ಅರ್ಧಕ್ಕರ್ಧ ಜೊಳ್ಳು. ಎಲೆ ಮಾತ್ರ ಹಸಿರಾಗಿಯೇ ಇತ್ತು. ಮೇಲಿನಿಂದ ನೋಡಿದವರಿಗೆ ಒಳ್ಳೆ ಬೆಳೆ! ಕಳೆ ತುಂಬಿದ ಹಡಿಲು ಗದ್ದೆಯೂ ಆ ಪಟದಲ್ಲಿ ಬಿಳಿಯಾಗಿಯೇ ಕಾಣುತ್ತದೆ.

ಹಾಗಂತ ಪಟ ಬೇಡ ಎಂದು ನಾನು ಹೇಳುವುದಿಲ್ಲ. ನನಗೆ ಉದ್ದಿನ ಜಾಗ ತೋರಿಸಿದ್ದು ಅದೇ. ಆದರೆ ಮೆಟ್ಟಿ ನೋಡಿದ ಮೇಲೆಯೇ ಬಿತ್ತಿದೆ. ನೆರಳು, ಕಪ್ಪು ಮಣ್ಣು ಕೂಡ ಪಟದಲ್ಲಿ ಕಪ್ಪಾಗಿಯೇ ಬರುತ್ತದಲ್ಲ? ವಿಮೆಯವರೂ ಹೀಗೆಯೇ ಮಾಡಲಿ. ಪಟ ನೋಡಲಿ, ಗದ್ದೆಗೂ ಇಳಿಯಲಿ, ಬೆಳೆ ಕೊಯ್ದು ತೂಗಲಿ. ಪಟದ ಆಧಾರದಲ್ಲಿ ತೀರ್ಮಾನ ಮಾಡಿದರೆ ಅದು ಯಾವ ತಾರೀಕಿನದ್ದು, ಒಂದು ಚುಕ್ಕೆ ಎಷ್ಟು ಜಾಗ ಎಂದು ರೈತನಿಗೆ ತಿಳಿಸಲಿ.

ನಮ್ಮ ಕಡೆಯಿಂದಲೂ ಒಂದು ಕೆಲಸ ಉಂಟು. ನಾಟಿ, ಹೂ, ಕೊಯ್ಲು, ಕೊಯ್ದ ಮೇಲೆ, ಹೀಗೆ ವರ್ಷಕ್ಕೆ ನಾಲ್ಕು ಸಲ ಒಂದೇ ಜಾಗದಲ್ಲಿ ನಿಂತು ನಮ್ಮ ಗದ್ದೆಯ ಪಟ ತೆಗೆದು ತಾರೀಕು ಬರೆದಿಡೋಣ. ಸಾದಾ ಮೊಬೈಲ್ ಸಾಕು. ಆಕಾಶದ ಸಾಕ್ಷಿಗೆ ಎದುರಾಗಿ ನೆಲದ ಸಾಕ್ಷಿ ನಮ್ಮ ಕೈಯಲ್ಲಿ ಇರಲಿ. ಏನಂತೀರಿ?