ಸೆರೆಮನೆ ಸೆಲ್ಫಿ ಪಾಯಿಂಟ್ ಅಲ್ಲ ಕಣ್ರೋ

(1/7)
ಇದನ್ನ ಓದಿ ಅನ್‌ಫಾಲೋ ಮಾಡೋರು ಮಾಡ್ಕೊಳ್ಳಿ. ಇದು ನಮ್ಮ ಕ್ಲಾಸ್ ಟ್ರಿಪ್ ಬಗ್ಗೆನೇ.

ನಂಜನಗೂಡು, ನರಸೀಪುರದ ನಮಗೆ ಒಂದು ದಿನದ ರಜೆ ಸಿಕ್ಕರೆ ಶ್ರೀರಂಗಪಟ್ಟಣ. ಸುತ್ತ ಕಾವೇರಿ, ನಡುವೆ ದ್ವೀಪ, ದ್ವೀಪದ ತುದೀಲಿ ಕೋಟೆ. ಅಲ್ಲಿ ಕರ್ನಲ್ ಬೇಲಿ ಸೆರೆಮನೆ ಇದೆಯಲ್ಲ, ಗೋಡೆ ಉದ್ದಕ್ಕೂ ತೂತಿರೋ ಕಲ್ಲುಗಳು. ಕೈದಿಗಳನ್ನ ಇಲ್ಲೇ ಕಟ್ಟಿ ಹಾಕ್ತಿದ್ರು ಅಂತಾರೆ. ನಾವೇನು ಮಾಡಿದ್ವಿ? ಸಾಲಾಗಿ ಕೈ ಚಾಚಿ ನಿಂತು, ನಾಲಗೆ ಹೊರಗೆ ಹಾಕಿ ಫೋಟೋ ತೆಗೆಸಿಕೊಂಡ್ವಿ. ನಾನೂ ನಿಂತಿದ್ದೆ. ಲೈಕೂ ಚೆನ್ನಾಗಿ ಬಂತು. ನಿನ್ನೆ ಡಿಲೀಟ್ ಮಾಡಿದೆ. ಯಾಕೆ ಅಂತ ಕೇಳಿದ್ರಲ್ಲ, ಸ್ವೈಪ್ ಮಾಡಿ.

(2/7)
ಬೇಲಿ ಯಾರು ಅಂತ ನಮ್ಮಲ್ಲಿ ಒಬ್ಬರೂ ಕೇಳಲಿಲ್ಲ. 1780ರ ಸೆಪ್ಟೆಂಬರ್‌ನಲ್ಲಿ ಕಾಂಚೀಪುರಂ ಹತ್ರದ ಪೊಲ್ಲಿಲೂರಲ್ಲಿ ಹೈದರ್, ಟಿಪ್ಪು ಸೈನ್ಯಕ್ಕೆ ಸೋತು ಸೆರೆ ಸಿಕ್ಕ ಕಂಪನಿ ಅಧಿಕಾರಿ. ದರಿಯಾ ದೌಲತ್ ಗೋಡೆ ಮೇಲೆ ಬರೆದಿರೋದು ಅದೇ ಯುದ್ಧ. ಅದರ ಮುಂದೆಯೂ ನಾವು ರೀಲ್ಸ್ ಮಾಡಿದ್ವಿ, ಚಿತ್ರ ನೋಡಲಿಲ್ಲ. ಬೇಲಿ 1782ರಲ್ಲಿ ಸೆರೆಯಲ್ಲೇ ಸತ್ತ. ಜೊತೆಗೆ ಸಿಕ್ಕಿಬಿದ್ದ ಡೇವಿಡ್ ಬೇರ್ಡ್ 1784ರಲ್ಲಿ ಬಿಡುಗಡೆಯಾದ.

ಬರೀ ಬಿಳಿಯರಲ್ಲ. ಮಂಗಳೂರು ಕಡೆಯ ಕ್ರೈಸ್ತರನ್ನ, ಕೊಡವರನ್ನ ಸೆರೆ ಹಿಡಿದು ತಂದದ್ದೂ ಇದೇ ದ್ವೀಪಕ್ಕೆ. ಅವರಲ್ಲಿ ಎಷ್ಟೋ ಜನ ಮನೆಗೆ ವಾಪಸ್ ಹೋಗಲಿಲ್ಲ. ಈಗ ಹೇಳಿ, ಅಲ್ಲಿ ನಾಲಗೆ ಚಾಚೋದು ತಮಾಷೆನಾ?

(3/7)
1799 ಮೇ 4, ಮಧ್ಯಾಹ್ನ. ಸುಡು ಬಿಸಿಲು, ಕಾವೇರೀಲಿ ನೀರು ಕಡಿಮೆ. ವಾಯವ್ಯ ಮೂಲೆಯ ಗೋಡೆಯನ್ನ ಫಿರಂಗಿ ಒಡೆದಿತ್ತು. ಹೊಳೆ ದಾಟಿ ಒಳಗೆ ನುಗ್ಗಿದ ಸೈನ್ಯದ ಮುಂದಾಳು ಯಾರು ಗೊತ್ತಾ? ಅದೇ ಬೇರ್ಡ್. ಸಂಜೆ ಹೊತ್ತಿಗೆ ಟಿಪ್ಪು ಹೆಣಗಳ ರಾಶಿ ನಡುವೆ ಬಿದ್ದಿದ್ದ.

ಪಾಠದಲ್ಲಿ ಕತೆ ಇಲ್ಲಿಗೆ ಮುಗಿಯುತ್ತೆ. ಊರಿನ ಕತೆ ಇಲ್ಲಿಂದ ಶುರು. ಆ ರಾತ್ರಿ ಗೆದ್ದ ಸೈನಿಕರು ಮನೆ ಮನೆ ನುಗ್ಗಿದರು. ಲೂಟಿಯಾಗದ ಮನೆ ಸಿಗೋದೇ ಕಷ್ಟ ಅನ್ನೋ ಅರ್ಥದಲ್ಲಿ ಆರ್ಥರ್ ವೆಲ್ಲೆಸ್ಲಿನೇ ತನ್ನ ಅಣ್ಣ ಗವರ್ನರ್ ಜನರಲ್‌ಗೆ ಬರೆದ. ತನ್ನದೇ ಸೈನಿಕರನ್ನ ಗಲ್ಲಿಗೇರಿಸಿ, ಚಾಟಿಯಲ್ಲಿ ಹೊಡೆಸಿ ಅದನ್ನ ನಿಲ್ಲಿಸಬೇಕಾಯ್ತು. ಆ ಮನೆಗಳಲ್ಲಿ ಇದ್ದೋರು ಸುಲ್ತಾನರಲ್ಲ ಕಣ್ರೋ. ನೇಯೋರು, ಮಾರೋರು, ಪೂಜಾರಿಗಳು, ಕೂಸು ಎತ್ಕೊಂಡಿದ್ದ ತಾಯಂದಿರು.

(4/7)
ಈಗ ಹೆಸರುಗಳ ಲೆಕ್ಕ ಹಾಕಿ. ಕೋಟೆ ಒಡೆದ ಜಾಗದ ಹತ್ರ 1907ರಲ್ಲಿ, ನಾಲ್ವಡಿಯವರ ಕಾಲದಲ್ಲಿ ನಿಲ್ಲಿಸಿದ ಸ್ಮಾರಕ ಕಂಬ ಇದೆ. ಅದರ ಮೇಲೆ ಸತ್ತ ಬ್ರಿಟಿಷ್ ಅಧಿಕಾರಿಗಳ ಹೆಸರು. ಗ್ಯಾರಿಸನ್ ಸ್ಮಶಾನದಲ್ಲಿ ಯೂರೋಪಿನವರ ಹೆಸರು. ಗುಂಬಜ್‌ನಲ್ಲಿ ಹೈದರ್, ಫಕ್ರುನ್ನೀಸಾ, ಟಿಪ್ಪು. ಸಾಹೇಬರಿಗೂ ಕಲ್ಲು, ಸುಲ್ತಾನರಿಗೂ ಕಲ್ಲು. ಆ ರಾತ್ರಿ ಬಾಗಿಲು ಹಾಕ್ಕೊಂಡು ಕೂತಿದ್ದೋರಿಗೆ? ಒಂದು ಗೀಟೂ ಇಲ್ಲ.

ಅವರಿಗೆ ಉಳಿದಿರೋದು ಅದೇ ಗೋಡೆ, ಅದೇ ಬೀದಿ. ಆ ಗೋಡೆ ಮೇಲೆ ಹೃದಯ ಕೆತ್ತಿ ನಮ್ಮ ಹೆಸರು ಹಾಕ್ತೀವಿ. ಸಂರಕ್ಷಿತ ಸ್ಮಾರಕ ಕೆಡಿಸಿದ್ರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ ಇದೆ. ಕಾನೂನಿಗೆ ಹೆದರಿ ಅಂತ ಹೇಳ್ತಿಲ್ಲ, ನಾಚ್ಕೊಳ್ಳಿ ಅಂತಿದೀನಿ.

(5/7)
"ಅದು ಮಂಡ್ಯ ಜಿಲ್ಲೆ, ನಮಗೇನು" ಅಂದೋನಿಗೆ ಈ ಸ್ಲೈಡು.

1799ರ ಮಾರ್ಚ್ ಕೊನೇಲಿ ಮಳವಳ್ಳಿಯಲ್ಲಿ ಕದನ ಆಯ್ತು. ಕಂಪನಿ ಸೈನ್ಯ ನೇರ ದಾರೀಲಿ ಬರುತ್ತೆ ಅಂದ್ಕೊಂಡು ಟಿಪ್ಪು ಆ ದಾರಿಯ ಮೇವನ್ನೆಲ್ಲ ನಾಶ ಮಾಡಿಸಿದ್ದ. ಜನರಲ್ ಹ್ಯಾರಿಸ್ ದಾರಿ ಬದಲಿಸಿ ಎಲ್ಲಿ ಕಾವೇರಿ ದಾಟಿದ? ಸೋಸಲೆ ಹತ್ರ. ಹೌದು, ನಮ್ಮ ನರಸೀಪುರ ತಾಲ್ಲೂಕಿನ ಸೋಸಲೆ! 20,000ಕ್ಕೂ ಹೆಚ್ಚು ಸೈನಿಕರು, ಅವರ ಹಿಂದೆ ಲೆಕ್ಕವಿಲ್ಲದಷ್ಟು ಎತ್ತುಗಳು. ಅವುಗಳ ಹೊಟ್ಟೆಗೆ ಹುಲ್ಲು ಎಲ್ಲಿಂದ? ಒಂದು ಕಡೆ ರಾಜನೇ ಮೇವು ಸುಟ್ಟ, ಇನ್ನೊಂದು ಕಡೆ ಶತ್ರುವಿನ ಎತ್ತು ಮೇದವು. ಎರಡೂ ಕಡೆ ಕೆಟ್ಟಿದ್ದು ಹೊಳೆ ದಂಡೆಯ ರೈತನ ಬಾಳು. ಬಸ್ಸಲ್ಲಿ ಸೋಸಲೆ ದಾಟುವಾಗ ನಾವು ರೀಲ್ಸ್ ನೋಡ್ತಿರ್ತೀವಿ.

(6/7)
ಈಗ ಕಾಮೆಂಟ್ ವೀರರಿಗೆ. ಟಿಪ್ಪು ಹೆಸರು ಬಂದ ತಕ್ಷಣ ಒಂದು ಗುಂಪು "ಹುಲಿ" ಅನ್ನುತ್ತೆ, ಇನ್ನೊಂದು "ಕ್ರೂರಿ" ಅನ್ನುತ್ತೆ. ಇಬ್ಬರಿಗೂ ಒಂದೇ ಮಾತು: ಮೊದಲು ಜಾಗ ನೋಡಿ. ಸೆರೆಯಾಗಿ ಬಂದ ಕೊಡವರ ಸಂಕಟವೂ ನಿಜ. ನಂಜುಂಡೇಶ್ವರನ ಗುಡೀಲಿ ಟಿಪ್ಪು ಕೊಟ್ಟದ್ದು ಅಂತ ನಮ್ಮೂರು ಇವತ್ತಿಗೂ ಹೇಳೋ ಪಚ್ಚೆ ಲಿಂಗವೂ ಕಣ್ಮುಂದೆ ಇದೆ. ಒಂದನ್ನ ಮುಚ್ಚಿ ಇನ್ನೊಂದನ್ನ ತೋರಿಸೋದು ಇತಿಹಾಸ ಅಲ್ಲ, ಅದೂ ಸೆಲ್ಫಿನೇ. ಬೇಡದ್ದನ್ನ ಕ್ರಾಪ್ ಮಾಡಿರೋದು.

"ಟ್ರಿಪ್ ಅಂದ್ರೆ ಮಜಾ ಮಾಡಬಾರ್ದಾ?" ಮಾಡಿ ಗುರು! ಚುರುಮುರಿ ತಿನ್ನಿ, ಸಂಗಮದಲ್ಲಿ ದಡದಲ್ಲಿ ಕೂತು ಹಾಡಿ. ಇಡೀ ದ್ವೀಪ ಅಳ್ಕೊಂಡು ಸುತ್ತಿ ಅಂತ ಯಾರು ಹೇಳಿದ್ರು? ಅಜ್ಜಿ ತಿಥಿ ದಿನವೂ ಮನೇಲಿ ನಗ್ತೀವಿ, ಎಡೆ ಮುಂದೆ ಕೋಡಂಗಿ ಆಟ ಆಡಲ್ಲ. ಅಷ್ಟೇ ವ್ಯತ್ಯಾಸ.

(7/7)
ಮುಂದಿನ ಸಲ ಹೋದಾಗ ಮೂರೇ ಕೆಲಸ. ಸೆರೆಮನೆ ಒಳಗೆ ಐದು ನಿಮಿಷ ಫೋನ್ ಜೇಬಲ್ಲಿಡಿ. ಫೋಟೋ ಹಾಕೋದಾದ್ರೆ ಅಲ್ಲಿ ಏನಾಯ್ತು ಅಂತ ಎರಡು ಸಾಲು ಬರೀರಿ. ವಾಪಸ್ ಬಂದು ಮನೇಲಿ ಹಿರಿಯರನ್ನ ಕೇಳಿ, ದಂಡು ಬಂದ ಕತೆ ಏನಾದ್ರೂ ಇದೆಯಾ ಅಂತ.

ಆ ಕೋಟೆ ಬುಡ ತೊಳೆದ ನೀರೇ ಸೋಸಲೆ ದಾಟಿ ನಮ್ಮ ತಿರುಮಕೂಡಲಿಗೆ ಬಂದು, ನಂಜನಗೂಡಿಂದ ಬರೋ ಕಪಿಲೆ ಜೊತೆ ಸೇರೋದು. ಆ ದ್ವೀಪ ನಮಗೆ ದೂರದ್ದಲ್ಲ.

ಡಿಲೀಟ್ ಮಾಡಿದ ಫೋಟೋದಲ್ಲಿ ನನ್ನ ಪಕ್ಕ ನಿಂತಿದ್ದೋರೇ, ನಿಮ್ಮ ಪ್ರೊಫೈಲಲ್ಲಿ ಅದು ಇನ್ನೂ ಇದೆ. ಏನು ಮಾಡ್ತೀರಿ?

#ಶ್ರೀರಂಗಪಟ್ಟಣ #ಸೋಸಲೆ #ನಂಜನಗೂಡು #ನರಸೀಪುರ