ಮೈ ಮರೆಯದ ಪಾಠ

ಉತ್ತರ ಅಟ್ಲಾಂಟಿಕ್ ಸಾಗರದಲ್ಲಿ ಫೆರೋ ಎಂಬ ಪುಟ್ಟ ದ್ವೀಪಸಮೂಹವಿದೆ. 1846ರಲ್ಲಿ ಅಲ್ಲಿಗೆ ದಡಾರ ಕಾಲಿಟ್ಟಿತು. ಸುಮಾರು 7,800 ಮಂದಿಯಿದ್ದ ಆ ನಾಡಿನಲ್ಲಿ ಕೆಲವೇ ತಿಂಗಳುಗಳಲ್ಲಿ ಸುಮಾರು 6,000 ಜನ ಹಾಸಿಗೆ ಹಿಡಿದರು. ಡೆನ್ಮಾರ್ಕ್ ಸರ್ಕಾರವು ಪೀಟರ್ ಲುಡ್ವಿಗ್ ಪಾನುಮ್ ಎಂಬ ತರುಣ ವೈದ್ಯರನ್ನು ಅಲ್ಲಿಗೆ ಕಳುಹಿಸಿತು. ಹಳ್ಳಿಹಳ್ಳಿ ತಿರುಗಿ ವಿಚಾರಿಸಿದ ಅವರಿಗೆ ಒಂದು ಸೋಜಿಗ ಕಂಡಿತು. 1781ರ ದಡಾರಕ್ಕೆ ತುತ್ತಾಗಿ ಬದುಕುಳಿದಿದ್ದ ವೃದ್ಧರಲ್ಲಿ ಒಬ್ಬರಿಗೂ ಈ ಸಲ ರೋಗ ತಗಲಿರಲಿಲ್ಲ. ನಡುವಣ 65 ವರ್ಷ ಆ ರೋಗ ದ್ವೀಪಗಳತ್ತ ಸುಳಿದಿರಲಿಲ್ಲ. ಆದರೂ ಅವರ ದೇಹ ಅದನ್ನು ಮರೆತಿರಲಿಲ್ಲ.

ಈ ನೆನಪು ಅಡಗಿರುವುದೆಲ್ಲಿ? ರೋಗಾಣು ದೇಹವನ್ನು ಹೊಕ್ಕಾಗ, ಅದನ್ನು ಗುರುತಿಸಬಲ್ಲ ಕೆಲವೇ ಬಿಳಿಯ ರಕ್ತಕಣಗಳು ಎಚ್ಚೆತ್ತು ಸಾವಿರಾರು ಪಟ್ಟು ವೃದ್ಧಿಯಾಗುತ್ತವೆ. ಅವುಗಳಲ್ಲಿ ಕೆಲವು ಪ್ರತಿಕಾಯಗಳನ್ನು ತಯಾರಿಸುತ್ತವೆ. ಕೆಲವು ಸೋಂಕು ತಗಲಿದ ಜೀವಕೋಶಗಳನ್ನು ನಾಶಪಡಿಸುತ್ತವೆ. ರೋಗ ಅಡಗಿದ ಮೇಲೆ ಹೆಚ್ಚಿನವು ಸಾಯುತ್ತವೆ. ಉಳಿದ ಕೆಲವು ಸ್ಮೃತಿಕೋಶಗಳಾಗಿ ರಕ್ತದಲ್ಲಿಯೂ ದುಗ್ಧಗ್ರಂಥಿಗಳಲ್ಲಿಯೂ ಕಾವಲಿರುತ್ತವೆ. ಪ್ರತಿಕಾಯ ತಯಾರಿಸುವ ಕೆಲವು ಕೋಶಗಳು ಅಸ್ಥಿಮಜ್ಜೆಯಲ್ಲಿ ನೆಲೆನಿಂತು ದಶಕಗಳ ಕಾಲ ದುಡಿಯುತ್ತವೆ. ಅದೇ ವೈರಿ ಮರಳಿ ಬಂದರೆ, ಮೊದಲ ಸಲ ವಾರಗಟ್ಟಲೆ ಹಿಡಿದ ಸಿದ್ಧತೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ.

ಹಾಗಾದರೆ ರೋಗವೇ ಬಂದು ಹೋಗಲಿ, ಲಸಿಕೆಯೇಕೆ ಎಂದು ವಾದಿಸುವವರಿದ್ದಾರೆ. ಈ ವಾದ ಮೇಲುನೋಟಕ್ಕೆ ಸರಿಯೆನಿಸಿದರೂ ವಿಚಾರದ ಮುಂದೆ ನಿಲ್ಲದು. ಫೆರೋದ ವೃದ್ಧರು ಬದುಕಿ ಉಳಿದವರು; ಉಳಿಯದವರು ಸಾಕ್ಷಿ ನುಡಿಯಲಾರರು. ಅಲ್ಲದೆ, ದಡಾರದ ವೈರಾಣು ಸ್ಮೃತಿಕೋಶಗಳನ್ನೇ ಹೊಕ್ಕು ಕೊಲ್ಲುತ್ತದೆ. ತನ್ನ ನೆನಪನ್ನು ಉಳಿಸಿ, ಬೇರೆ ರೋಗಗಳ ವಿರುದ್ಧ ದೇಹ ಗಳಿಸಿದ್ದ ನೆನಪನ್ನು ಅಳಿಸುತ್ತದೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಲಸಿಕೆ ಪಡೆಯದೆ ದಡಾರಕ್ಕೆ ತುತ್ತಾದ ಮಕ್ಕಳು ತಮ್ಮ ವಿವಿಧ ಪ್ರತಿಕಾಯಗಳಲ್ಲಿ ಶೇಕಡ 11ರಿಂದ 73ರಷ್ಟನ್ನು ಕಳೆದುಕೊಂಡಿದ್ದುದು ಕಂಡುಬಂದಿತು. ಲಸಿಕೆಯಾದರೋ ದುರ್ಬಲಗೊಳಿಸಿದ ವೈರಾಣುವಿನ ಮೂಲಕ ಅದೇ ಪಾಠವನ್ನು ಕಲಿಸುತ್ತದೆ. ಹಳೆಯ ಪಾಠಗಳನ್ನು ಅಳಿಸುವುದಿಲ್ಲ.

ಎಲ್ಲ ನೆನಪೂ ಸಮನಾಗಿ ಬಾಳುವುದಿಲ್ಲವೆಂಬುದು ನಿಜ. ಧನುರ್ವಾಯುವಿನ ಲಸಿಕೆಯನ್ನು ಕಾಲಕಾಲಕ್ಕೆ ಮತ್ತೆ ಹಾಕಿಸಬೇಕಾಗುತ್ತದೆ. ಭಾರತದಲ್ಲಿ ದಡಾರದ ಲಸಿಕೆಯನ್ನು 9 ತಿಂಗಳು ತುಂಬಿದ ಮೇಲೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಹಾಕುತ್ತಾರೆ. ಮೊದಲ ಸಲ ಪಾಠ ಹತ್ತದ ಮಕ್ಕಳಿಗೂ ಅದು ಹತ್ತಲಿ ಎಂಬುದೇ ಇದರ ಉದ್ದೇಶ.

ಲಸಿಕೆ ಹಾಕಿಸಿಕೊಳ್ಳುವುದು ಕೇವಲ ಸ್ವಂತ ಹಿತದ ಮಾತಲ್ಲ. ತಾಯಿಯಿಂದ ಬಂದ ರಕ್ಷಣೆ ಕೂಸಿನಲ್ಲಿ ಕೆಲವು ತಿಂಗಳುಗಳಲ್ಲೇ ಕರಗುತ್ತದೆ. ಲಸಿಕೆಯ ವಯಸ್ಸು ಇನ್ನೂ ಬಂದಿರುವುದಿಲ್ಲ. ಆ ಅವಧಿಯಲ್ಲಿ ಸುತ್ತಲಿನವರು ಗಳಿಸಿಕೊಂಡ ರೋಗನಿರೋಧವೇ ಆ ಕೂಸಿಗೆ ಬೇಲಿ. ಆ ಬೇಲಿಯನ್ನು ಕಟ್ಟುವುದು ಬಲ್ಲವರೆಲ್ಲರ ಹೊಣೆ.